ಯಾವ ಏರಿಯಾ ನಿಮ್ದು?

ಮದುವೆಮನೆಯಲ್ಲೋ ಬ್ಯಾಂಕಿನ ಸಾಲಿನಲ್ಲೋ ಬೆಂಗಳೂರಿನ ಇಬ್ಬರಿಗೆ ಹೊಸದಾಗಿ ಪರಿಚಯವಾದರೆ ಮೂರನೇ ಮಾತಿಗೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ: ‘ಯಾವ ಏರಿಯಾ ನಿಮ್ದು?’ ತ್ಯಾಗರಾಜನಗರ ಅಂದರೆ ಕೇಳಿದವರ ಕಣ್ಣ ಮುಂದೆ ಬಾಗಿಲ ರಂಗೋಲಿಯೂ ಡಿಕಾಕ್ಷನ್ನಿನ ವಾಸನೆಯೂ ಬರುತ್ತದೆ. ಕಾಕ್ಸ್ ಟೌನ್ ಅಂದರೆ ಭಾನುವಾರದ ಚರ್ಚು, ಮೂಲೆಯ ಬೇಕರಿ. ಕಾಮಾಕ್ಷಿಪಾಳ್ಯ ಅಂದರೆ ಲೇತ್ ಮಷೀನಿನ ಸದ್ದು, ಆಟೊ ಸ್ಟ್ಯಾಂಡಿನಲ್ಲಿ ಅರಿಶಿನ ಕುಂಕುಮದ ಬಾವುಟ. ಬೆಳ್ಳಂದೂರು ಅಂದರೆ ‘ಅಯ್ಯೋ, ಟ್ರಾಫಿಕ್ಕು!’ ಎಂಬ ಮರುಕ.

ಈ ಚಿತ್ರಗಳು ಅರ್ಧಕ್ಕರ್ಧ ತಪ್ಪಾಗಿರುತ್ತವೆ. ಆದರೂ ಪೂರ್ತಿ ಸುಳ್ಳಲ್ಲ. ಗಾಂಧಿ ಬಜಾರಿನಿಂದ ಶಿವಾಜಿನಗರಕ್ಕೆ ಒಂದು ಬಸ್ಸಿನ ದೂರ, ಅಷ್ಟರಲ್ಲಿ ಅಂಗಡಿಯವನು ಮಾತಾಡಿಸುವ ಭಾಷೆ, ಕುಡಿಯಲು ಸಿಗುವ ಲೋಟ, ಬೀದಿಯ ಅಗಲ, ಸಂಜೆಯ ಗದ್ದಲದ ಹೊತ್ತು ಎಲ್ಲ ಬದಲಾಗಿರುತ್ತದೆ. ಯಾಕೆ ಅಂತ ಕೇಳಿದರೆ ‘ಅಲ್ಲಿ ಜನವೇ ಹಾಗೆ’ ಎಂದು ಹೇಳಿ ಮುಗಿಸುವವರೇ ಹೆಚ್ಚು. ನನಗೆ ಅದು ಸೋಮಾರಿ ಉತ್ತರ ಅನ್ನಿಸುತ್ತದೆ. ಒಂದು ಏರಿಯಾದ ನಡೆನುಡಿ ತಿಳಿಯಬೇಕಾದರೆ ಅದು ಯಾವ ಕೆಲಸಕ್ಕಾಗಿ ಹುಟ್ಟಿತು, ಆಗ ಅಲ್ಲಿ ಯಾರ ಆಳ್ವಿಕೆ ಇತ್ತು, ಸೈಟು ಎಷ್ಟಗಲ ಎಷ್ಟುದ್ದ ಅಂತ ಕೇಳಬೇಕು. ಜನರ ಸ್ವಭಾವದ ಮಾತು ಆಮೇಲೆ.

ಪೇಟೆಯಿಂದಲೇ ಶುರು ಮಾಡೋಣ. ಕೆಂಪೇಗೌಡರು 1537ರಲ್ಲಿ ಕಟ್ಟಿದರೆನ್ನುವ ಊರು ಅದು. ದೊಡ್ಡಪೇಟೆ, ಚಿಕ್ಕಪೇಟೆ ಎಂಬ ಎರಡು ಬೀದಿಗಳು ಒಂದನ್ನೊಂದು ದಾಟುವ ಕಡೆ ಅದರ ಹೊಕ್ಕುಳು. ದೊಡ್ಡಪೇಟೆಯನ್ನು ಈಗ ಅವೆನ್ಯೂ ರಸ್ತೆ ಅನ್ನುತ್ತಾರೆ. ಸುತ್ತ ಅಕ್ಕಿಪೇಟೆ, ಬಳೇಪೇಟೆ, ರಾಗಿಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ. ಅರಳೆಪೇಟೆ ಬ್ರಿಟಿಷರ ಬಾಯಲ್ಲಿ ಕಾಟನ್‌ಪೇಟೆಯಾಗಿ, ನಾವೂ ಅದನ್ನೇ ಹೇಳುತ್ತಿದ್ದೇವೆ. ಹೆಸರುಗಳನ್ನು ಸಾಲಾಗಿ ಓದಿದರೆ ಒಂದೋ ಸರಕು ಸಿಗುತ್ತದೆ, ಇಲ್ಲವೇ ಕಸುಬಿನ ಜನ. ಕೆಳಗೆ ಅಂಗಡಿ, ಮೇಲೆ ಮನೆ. ಕಸುಬು, ಕುಲ, ಬೀದಿ ಮೂರೂ ಒಂದೇ ಆಗಿದ್ದ ಜಾಗದಲ್ಲಿ ಮನೆಯ ಗುಟ್ಟು ಬೀದಿಗೆ ಬರುವುದಕ್ಕೆ ಹೊತ್ತು ಹಿಡಿಯುವುದಿಲ್ಲ. ಇವತ್ತು ಅಲ್ಲಿ ಮಾರವಾಡಿ, ಗುಜರಾತಿ ವ್ಯಾಪಾರಿಗಳೂ ತಲೆಮಾರುಗಳಿಂದ ಇದ್ದಾರೆ. ಗಲ್ಲಾದ ಮೇಲೆ ಕೂತವರು ಒಂದೇ ಉಸಿರಿನಲ್ಲಿ ಕನ್ನಡ, ತೆಲುಗು, ಹಿಂದಿ ಮಾತಾಡುತ್ತಾರೆ. ಅದು ಅವರಿಗೆ ಸಾಧನೆಯಲ್ಲ, ವ್ಯಾಪಾರ.

ಕರಗ ಈ ಪೇಟೆಯ ಹಬ್ಬ. ಚೈತ್ರದ ಹುಣ್ಣಿಮೆಯ ರಾತ್ರಿ ತಿಗಳರ ಧರ್ಮರಾಯಸ್ವಾಮಿ ಗುಡಿಯಿಂದ ಹೊರಡುತ್ತದೆ. ಮಲ್ಲಿಗೆ ಹೊತ್ತ ಕರಗದ ಸುತ್ತ ಕತ್ತಿ ಹಿಡಿದ ವೀರಕುಮಾರರು. ಬೆಳಗಾಗುವುದರೊಳಗೆ ಅದು ಪೇಟೆಯ ಬೀದಿಬೀದಿ ಸುತ್ತಿ, ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಬರುತ್ತದೆ. ಜಯನಗರದಲ್ಲಿ ಹುಟ್ಟಿ ಬೆಳೆದು ಒಮ್ಮೆಯೂ ಕರಗ ನೋಡದವರು ನನಗೆ ಎಷ್ಟೋ ಜನ ಗೊತ್ತು. ಪತ್ರಿಕೆಗಳು ‘ಬೆಂಗಳೂರು ಕರಗ’ ಎಂದೇ ಬರೆಯುತ್ತವೆ, ಅದರ ದಾರಿ ಮಾತ್ರ ಬೆಂಗಳೂರು ಅಂದರೆ ಪೇಟೆ ಅಷ್ಟೇ ಆಗಿದ್ದ ಕಾಲದ್ದು.

ಇನ್ನು ದಂಡು. ನಮ್ಮ ಅಜ್ಜಿಯ ಬಾಯಲ್ಲಿ ‘ಕಂಟೋನ್ಮೆಂಟ್’ ಎಂದೂ ಬರಲಿಲ್ಲ. ‘ದಂಡಿಗೆ ಹೋಗ್ಬೇಕು’ ಎಂದರೆ ಬೇರೆ ಊರಿಗೆ ಹೊರಟವರ ದನಿ ಇರುತ್ತಿತ್ತು. ಅದು ಅವರ ಕಲ್ಪನೆಯಲ್ಲ, ದಂಡು ನಿಜಕ್ಕೂ ಬೇರೆ ಊರೇ ಆಗಿತ್ತು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಬ್ರಿಟಿಷರ ಸೈನ್ಯ ಶ್ರೀರಂಗಪಟ್ಟಣದಲ್ಲಿ ನೆಲೆ ನಿಂತಿತು. ಅಲ್ಲಿಯ ಸೊಳ್ಳೆ, ಜ್ವರ ತಡೆಯಲಾಗದೆ 1809ರ ಹೊತ್ತಿಗೆ ಬೆಂಗಳೂರಿನ ಪೂರ್ವಕ್ಕೆ, ಹಲಸೂರಿನ ಕಡೆಗೆ ಬಿಡಾರ ಬದಲಿಸಿತು. ಬಂದದ್ದು ಮದ್ರಾಸಿನ ಸೈನ್ಯ. ಹಾಗಾಗಿ ಸಿಪಾಯಿಗಳ ಹಿಂದೆಯೇ ಅಡುಗೆಯವರು, ದರ್ಜಿಗಳು, ಗುತ್ತಿಗೆದಾರರು, ಕುದುರೆ ನೋಡುವವರು, ಬಟ್ಟೆ ಒಗೆಯುವವರು ತಮಿಳು ಸೀಮೆಯಿಂದ ಬಂದರು. ದಖ್ಖನಿ ಉರ್ದು ಆಡುವ ಮುಸ್ಲಿಮರು, ಆಂಗ್ಲೋ ಇಂಡಿಯನ್ನರು, ತೆಲುಗರು ಸೇರಿಕೊಂಡರು. ಶಿವಾಜಿನಗರದಲ್ಲಿ ಇವತ್ತಿಗೂ ಅಂಗಡಿಯವನು ‘ಕ್ಯಾ ಹೋನಾ?’ ಎಂದು ಕೇಳುವುದರ ಹಿಂದೆ, ಹಲಸೂರಿನ ಗಲ್ಲಿಗಳಲ್ಲಿ ತಮಿಳು ಕೇಳುವುದರ ಹಿಂದೆ ಇರುವುದು ಆ ಪಾಳೆಯದ ಹಾಜರಿ ಪುಸ್ತಕ. ಇವರಾರೂ ಮೊನ್ನೆ ಮೊನ್ನೆ ಬಂದವರಲ್ಲ. ಬಸವನಗುಡಿ ಹುಟ್ಟುವ ಎಷ್ಟೋ ಮೊದಲೇ ಇಲ್ಲಿ ನೆಲೆಸಿದವರು.

ಎರಡು ಊರುಗಳ ಅಂತರ ಬರೀ ಭಾಷೆಯದಾಗಿದ್ದರೆ ಕಾಲಕ್ರಮೇಣ ಬೆರೆಯುತ್ತಿತ್ತೇನೋ. ಕಾಯಿದೆಯೂ ಅದನ್ನು ಕಾದಿಟ್ಟಿತು. 1862ರಲ್ಲಿ ಪೇಟೆಗೆ ಒಂದು, ದಂಡಿಗೆ ಒಂದು ಅಂತ ಎರಡು ಮುನಿಸಿಪಾಲಿಟಿಗಳಾದವು. 1881ರಲ್ಲಿ ಮೈಸೂರು ರಾಜ್ಯ ಒಡೆಯರ ಕೈಗೆ ಮರಳಿತು. ದಂಡು ಮಾತ್ರ ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂಬ ಹೆಸರಿನಲ್ಲಿ ಬ್ರಿಟಿಷ್ ಸರ್ಕಾರದ ಪ್ರತಿನಿಧಿಯಾದ ರೆಸಿಡೆಂಟರ ಕೈಯಲ್ಲೇ ಉಳಿಯಿತು. ಅಂದರೆ ಒಂದೇ ಊರಿನ ಆ ತುದಿಗೆ ಮಹಾರಾಜರು, ಈ ತುದಿಗೆ ರೆಸಿಡೆಂಟರು. ಶಾಲೆ, ಕೋರ್ಟು, ಕಂದಾಯ ಎಲ್ಲ ಬೇರೆ ಬೇರೆ. ನಡುವೆ 1870ರಲ್ಲಿ ಮಾಡಿದ ಕಬ್ಬನ್ ಪಾರ್ಕು, ಅದರ ಮಗ್ಗುಲಲ್ಲಿ ಸಂಪಂಗಿ ಕೆರೆ. ಪಾರ್ಕನ್ನು ನಾವು ಊರಿನ ಶ್ವಾಸಕೋಶ ಅನ್ನುತ್ತೇವೆ, ಆ ಕಾಲಕ್ಕೆ ಅದು ಗಡಿಯೂ ಆಗಿತ್ತು. ಸಂಪಂಗಿ ಕೆರೆ ಆಮೇಲೆ ಕಂಠೀರವ ಕ್ರೀಡಾಂಗಣವಾಯಿತು. ಕರಗದ ವಿಧಿಗೆ ಬೇಕೆಂದು ಅದರ ಒಂದು ಮೂಲೆಯಲ್ಲಿ ಚಿಕ್ಕ ಕುಂಟೆಯನ್ನು ಉಳಿಸಿದ್ದಾರೆ.

ಎರಡೂ ಮುನಿಸಿಪಾಲಿಟಿಗಳು ಒಂದಾದದ್ದು 1949ರಲ್ಲಿ. ಅಲ್ಲಿಗೆ ದಂಡು ಹುಟ್ಟಿ 140 ವರ್ಷವಾಗಿತ್ತು. ಅಷ್ಟು ವರ್ಷ ಬೇರೆ ಬೇರೆ ಒಲೆ ಹೂಡಿದ ಅಣ್ಣತಮ್ಮಂದಿರ ಮಕ್ಕಳನ್ನು ಒಂದು ದಿನ ಒಂದೇ ಪಂಕ್ತಿಯಲ್ಲಿ ಕೂರಿಸಿದರೆ ಊಟದ ರೀತಿ ಒಂದಾಗಿಬಿಡುತ್ತದೆಯೇ? (2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಮತ್ತೆ ಐದು ಪಾಲಿಕೆಗಳಾಗಿವೆ. ಅದರ ಗುಣ ಏನೆಂದು ನಮ್ಮ ಮೊಮ್ಮಕ್ಕಳು ಹೇಳಲಿ.)

ಗುರುತು ಹಿಡಿಯಲು ರಸ್ತೆಯ ಬೋರ್ಡು ಸಾಕು. ದಂಡಿನಲ್ಲಿ ಇನ್‌ಫೆಂಟ್ರಿ ರಸ್ತೆ, ಬ್ರಿಗೇಡ್ ರಸ್ತೆ, ರೆಸಿಡೆನ್ಸಿ ರಸ್ತೆ. ಕ್ಯಾವಲ್ರಿ ರಸ್ತೆ ಕಾಮರಾಜ ರಸ್ತೆಯಾಯಿತು, ಸೌತ್ ಪರೇಡ್ ಎಂ.ಜಿ. ರಸ್ತೆಯಾಯಿತು. ‘ಸ್ಟ್ರೀಟ್’ ಎಂಬ ಬಾಲ ಕಂಡರೂ ಅದು ದಂಡಿರಬಹುದು: ಕಮರ್ಷಿಯಲ್ ಸ್ಟ್ರೀಟ್, ಚರ್ಚ್ ಸ್ಟ್ರೀಟ್. ಪಶ್ಚಿಮದ ಬಡಾವಣೆಗಳಲ್ಲಿ ‘ಮೇನ್’, ‘ಕ್ರಾಸ್’. ಫ್ರೇಜರ್ ಟೌನ್‌ಗೆ ಪುಲಿಕೇಶಿನಗರ ಎಂದು ಹೆಸರಿಟ್ಟಿದ್ದಾರೆ. ಚುನಾವಣೆಯ ದಿನ ಬಿಟ್ಟರೆ ಅದನ್ನು ಯಾರೂ ಹೇಳುವುದಿಲ್ಲ. ಪಾಪ, ಇಮ್ಮಡಿ ಪುಲಿಕೇಶಿ ನರ್ಮದೆಯ ದಡದಲ್ಲಿ ಹರ್ಷನನ್ನು ತಡೆದ, ಇಲ್ಲಿ ರೆಸಿಡೆಂಟ್ ಫ್ರೇಜರ್ ಸಾಹೇಬರ ಮುಂದೆ ಸೋತ.

ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದ ಹಬ್ಬಕ್ಕೆ ಒಮ್ಮೆ ಹೋಗಬೇಕು. ಸೆಪ್ಟೆಂಬರ್ 8ರಂದು ಸೀರೆ ಉಟ್ಟ ಮೇರಿಯಮ್ಮನ ತೇರು ಹೊರಡುತ್ತದೆ. ಕಾವಿ ಬಟ್ಟೆ ತೊಟ್ಟು ಹರಕೆ ಹೊತ್ತವರನ್ನು ನೋಡಿದರೆ ಜಾತ್ರೆಯೋ ಚರ್ಚಿನ ಹಬ್ಬವೋ ಎಂದು ಬೇರ್ಪಡಿಸಲು ಆಗುವುದಿಲ್ಲ. ದಂಡು ಎಂದರೆ ಇಂಗ್ಲಿಷ್, ಕೇಕು, ಬಿಯರು ಎಂದಷ್ಟೇ ತಿಳಿದವರು ಅಲ್ಲಿ ಬೆಚ್ಚುತ್ತಾರೆ. ದಂಡಿನೊಳಗೂ ಎರಡು ದಂಡುಗಳಿದ್ದವು. ಬಂಗಲೆಯ ದಂಡು, ಬಂಗಲೆಗೆ ದುಡಿಯುವವರ ದಂಡು. ರಂಜಾನಿನ ರಾತ್ರಿ ಮಾಸ್ಕ್ ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ ಸೇರುವುದು, ಶಿವಾಜಿನಗರದಲ್ಲಿ ಸುಲೈಮಾನಿ ಚಹಾ ಸಿಗುವುದು ಈ ಎರಡನೇ ದಂಡಿನ ಬದುಕು.

ಇದರ ಬಿಸಿ ರಾಜಕೀಯಕ್ಕೂ ತಟ್ಟಿದೆ. ಹಲಸೂರು ಕೆರೆಯ ಬಳಿ ನಿಲ್ಲಿಸಿದ ತಿರುವಳ್ಳುವರ್ ಪ್ರತಿಮೆ ಸುಮಾರು 18 ವರ್ಷ ಮುಸುಕು ಹೊದ್ದು ನಿಂತಿತ್ತು. 2009ರ ಆಗಸ್ಟಿನಲ್ಲಿ ಅದು ಅನಾವರಣವಾದ ಕೆಲವೇ ದಿನಕ್ಕೆ ಚೆನ್ನೈನಲ್ಲಿ ಸರ್ವಜ್ಞನ ಪ್ರತಿಮೆಯೂ ಬಂತು. ಒಂದು ಏರಿಯಾದ ಮೂರ್ತಿಯ ಮುಸುಕು ತೆಗೆಯಲು ಎರಡು ರಾಜ್ಯಗಳ ಮುಖ್ಯಮಂತ್ರಿಗಳು ಬೇಕಾದರು.

ಬಸವನಗುಡಿ, ಮಲ್ಲೇಶ್ವರದವರು ತಮ್ಮ ಏರಿಯಾವೇ ‘ಅಸಲಿ ಬೆಂಗಳೂರು’ ಎನ್ನುವುದುಂಟು. ನಾನೂ ಆ ಕಡೆಯವನೇ ಆದ್ದರಿಂದ ಇಲ್ಲಿ ಸ್ವಲ್ಪ ಜಾಗ್ರತೆಯಿಂದ ಬರೆಯುತ್ತೇನೆ: ಇವು ಪೇಟೆಗಿಂತಲೂ ದಂಡಿಗಿಂತಲೂ ವಯಸ್ಸಿನಲ್ಲಿ ಚಿಕ್ಕವು. ಇವನ್ನು ತರಾತುರಿಯಲ್ಲಿ ಬೆಳೆಸಿದ್ದು ಇಲಿ.

1898ರಲ್ಲಿ ಪ್ಲೇಗು ಬಂತು. ಪೇಟೆಯ ಇಕ್ಕಟ್ಟಿನ ಮನೆಗಳಲ್ಲಿ ಸಾವಿನ ಮೇಲೆ ಸಾವು. ಊರಿನ ಅಂಚುಗಳಲ್ಲಿ ಇವತ್ತಿಗೂ ಕಾಣುವ ಪ್ಲೇಗಮ್ಮನ ಗುಡಿಗಳು ಆ ಭಯದ ಕುರುಹು. ಪೇಟೆಯಾಚೆ ಚಾಮರಾಜಪೇಟೆ 1892ರಲ್ಲೇ ಶುರುವಾಗಿತ್ತು. ಪ್ಲೇಗಿನ ನಂತರ ದಕ್ಷಿಣಕ್ಕೆ ಬಸವನಗುಡಿ, ಉತ್ತರಕ್ಕೆ ಮಲ್ಲೇಶ್ವರ ಬೆಳೆದವು. ಗಾಳಿ ಬೆಳಕು ಬೇಕೆಂದು ನೇರ ರಸ್ತೆ, ಮನೆ ಸುತ್ತ ಕಾಂಪೌಂಡು, ಹಿತ್ತಲಲ್ಲಿ ಮಲ ಹೊರುವವರು ಓಡಾಡಲು ಕನ್ಸರ್ವೆನ್ಸಿ ಗಲ್ಲಿ. ಮಲ್ಲೇಶ್ವರದ ಆ ಗಲ್ಲಿಗಳಲ್ಲಿ ಈಗ ಸ್ಕೂಟರು ನಿಲ್ಲಿಸುತ್ತಾರೆ. ಅವು ಯಾಕಿದ್ದವು, ಯಾರು ಓಡಾಡುತ್ತಿದ್ದರು ಎಂದು ಮಕ್ಕಳು ಕೇಳಿದರೆ ಉತ್ತರ ಹೇಳಲು ಹಿರಿಯರು ತಡವರಿಸುತ್ತಾರೆ. ಆಗ ಸೈಟು ಹಂಚಿದ್ದು ಕೂಡ ಬ್ಲಾಕುಗಳನ್ನು ಜಾತಿ ನೋಡಿ ವಿಂಗಡಿಸಿಯೇ. ಪೇಟೆಯಲ್ಲಿ ಕಸುಬಿನಿಂದಾಗಿ ತಾನಾಗಿ ಆದ ಬೇರ್ಪಡೆ ಇಲ್ಲಿ ನಕ್ಷೆಯ ಮೇಲೆ ಗೆರೆ ಎಳೆದು ಆಯಿತು.

ಹೊಸ ಬಡಾವಣೆಗೆ ಮೊದಲು ಬಂದವರು ಸಂಬಳದ ಜನ. ಸರ್ಕಾರಿ ಗುಮಾಸ್ತರು, ಮೇಷ್ಟ್ರು, ವಕೀಲರು, ಹೆಚ್ಚಿನವರು ಬ್ರಾಹ್ಮಣರು. ಪೇಟೆಯವನಿಗೆ ಸಂಜೆ ಎಂದರೆ ವ್ಯಾಪಾರದ ಹೊತ್ತು. ಕಚೇರಿಯವನಿಗೆ ಸಂಜೆ ಐದರ ಮೇಲೆ ಬಿಡುವು. ಆ ಬಿಡುವಿನಲ್ಲಿ ಸಭೆ, ಸಂಗೀತ, ಉಪನ್ಯಾಸ, ಕಾಫಿ ಹುಟ್ಟಿದವು ಎಂಬುದು ನನ್ನ ವಾದ. ಗಾಯನ ಸಮಾಜ 1905ರದು, ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು 1915ರದು. ನ್ಯಾಷನಲ್ ಹೈಸ್ಕೂಲು 1917ರಲ್ಲಿ, ಡಿವಿಜಿಯವರ ಗೋಖಲೆ ಸಂಸ್ಥೆ 1945ರಲ್ಲಿ ಬಂದವು. ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ 1939ರಿಂದ ನಡೆಯುವ ರಾಮನವಮಿ ಸಂಗೀತೋತ್ಸವಕ್ಕೆ ಚಪ್ಪರ, ಪಾನಕ, ಕೋಸಂಬರಿ ಎಲ್ಲ ಸೇರಿಯೇ ರುಚಿ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದು. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಇಡ್ಲಿಗೆ ಚಟ್ನಿ ಮಾತ್ರ, ಸಾಂಬಾರು ಕೇಳಿದರೆ ಪಕ್ಕದವರು ನಿಮ್ಮನ್ನು ನೋಡುತ್ತಾರೆ. ಯಾವ ಏರಿಯಾದವರೋ ಅಂತ.

ಇದಕ್ಕೆ ಎದುರು ನಿಲ್ಲುವ ಪದ ‘ಮಿಲಿಟರಿ ಹೋಟೆಲ್’. ಹೊರಗಿನವರಿಗೆ ವಿಚಿತ್ರ, ನಮಗೆ ಅಂದರೆ ಮಾಂಸದೂಟ: ಮುದ್ದೆ, ತಲೆಮಾಂಸ, ದೊನ್ನೆ ಬಿರಿಯಾನಿ. ಹಳೆಯವು ಪೇಟೆಯ ಸುತ್ತ ಇವೆ, ಮರಾಠರ ಕೈಯಡುಗೆಗೆ ಹೆಸರಾದವು. ಮಾಂಸ ಸಿಗದ ಬೀದಿಗಳೆಂದರೆ ಬಸವನಗುಡಿ, ಸಿಗುವ ಬೀದಿಗಳೆಂದರೆ ಪೇಟೆ, ದಂಡು ಎಂದು ಹಿಂದೆ ಮೂಗಿನಲ್ಲೇ ನಕ್ಷೆ ಬರೆಯಬಹುದಿತ್ತು. ಈಗ ಜಯನಗರದಲ್ಲಿಯೇ ಮಿಲಿಟರಿ ಹೋಟೆಲಿನ ಮುಂದೆ ಭಾನುವಾರ ಸಾಲು ನಿಲ್ಲುತ್ತದೆ, ಆ ಸಾಲಿನಲ್ಲಿ ಎಂತೆಂಥ ಮನೆಯವರು ಇರುತ್ತಾರೆಂದು ಕೇಳಬೇಡಿ.

ಬಸವನಗುಡಿಯ ಹೆಮ್ಮೆಯ ಕಡಲೆಕಾಯಿ ಪರಿಷೆ ಕೂಡ ಬಸವನಗುಡಿಯವರು ಮಾಡಿದ್ದಲ್ಲ. ಸುಂಕೇನಹಳ್ಳಿ ಎಂಬ ಹಳ್ಳಿಯ ರೈತರು ಬಸವಣ್ಣನಿಗೆ ಹೊಸ ಬೆಳೆ ಒಪ್ಪಿಸುತ್ತಿದ್ದ ಜಾತ್ರೆ ಅದು. ಬಡಾವಣೆ ಬಂದು ಹಳ್ಳಿಯನ್ನು ನುಂಗಿತು, ಜಾತ್ರೆ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಕಾರ್ತಿಕದ ಕೊನೆಯ ಸೋಮವಾರ ಸುತ್ತಲ ಜಿಲ್ಲೆಗಳ ರೈತರು, ತಮಿಳುನಾಡು, ಆಂಧ್ರದವರು ಸಹ ಮೂಟೆ ಇಳಿಸುತ್ತಾರೆ. ಏರಿಯಾದ ‘ಸಂಸ್ಕೃತಿ’ ಎಂದು ನಾವು ಮೆರೆಸುವುದರಲ್ಲಿ ಎಷ್ಟೋ ಪಾಲು ಆ ಏರಿಯಾಗಿಂತ ಹಳೆಯದು.

ಸ್ವಾತಂತ್ರ್ಯದ ಆಸುಪಾಸಿನಿಂದ ಹೊಸ ಯಂತ್ರವೊಂದು ಶುರುವಾಯಿತು. ಅದು ಸೈಟು ಹಂಚುವ ಯಂತ್ರ. 1945ರ ಸಿಐಟಿಬಿ (ನಗರ ಸುಧಾರಣಾ ಮಂಡಳಿ), 1976ರಿಂದ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ). ಜಯನಗರ, ರಾಜಾಜಿನಗರ ಆ ಕಾಲದವು. ಇಲ್ಲಿ ಜಾತಿಯ ಬ್ಲಾಕುಗಳಿಲ್ಲ, ಆದರೆ ಅಳತೆಗಳಿವೆ. ಮೂವತ್ತು ನಲವತ್ತು, ನಲವತ್ತು ಅರವತ್ತು, ಐವತ್ತು ಎಂಬತ್ತು. ಬೆಂಗಳೂರಿಗರು ಇದನ್ನು ‘ತರ್ಟಿ ಫಾರ್ಟಿ’ ಎಂದು ಒಂದೇ ಪದದಂತೆ ಹೇಳುತ್ತಾರೆ. 1,200 ಚದರಡಿಯ ತರ್ಟಿ ಫಾರ್ಟಿಯಲ್ಲಿ ಕೆಳಗೆ ತಾವು, ಮೇಲೆ ಬಾಡಿಗೆಯವರು. ಮುಂದೆ ಜಾಗವಿಲ್ಲದ್ದರಿಂದ ಮಕ್ಕಳು ಬೀದಿಯಲ್ಲೇ ಆಡುತ್ತಾರೆ, ಗಣೇಶನನ್ನು ಬೀದಿಯಲ್ಲೇ ಕೂರಿಸುತ್ತಾರೆ. 4,000 ಚದರಡಿಯ ಸೈಟಿನಲ್ಲಿ ಗೇಟು, ತೋಟ, ನಾಯಿ. ನೆರೆಯವರ ಹೆಸರು ಗೊತ್ತಿರಲೇಬೇಕೆಂದಿಲ್ಲ. ಒಂದೇ ಬಡಾವಣೆಯಲ್ಲಿ ಎರಡು ಕ್ರಾಸ್ ದಾಟಿದರೆ ಬೇರೆ ಲೋಕಕ್ಕೆ ಬಂದಂತಾಗುವುದು ಹೀಗೆ. ಇದಕ್ಕೂ ಕೆಳಗೆ ವಠಾರ: ಸಾಲು ಮನೆಗಳು, ಒಂದೇ ನಲ್ಲಿ, ಜಗಳವೂ ಸಲಿಗೆಯೂ ಆ ನಲ್ಲಿಯ ಮುಂದೆಯೇ.

ಪಶ್ಚಿಮದಲ್ಲಿ ರಾಜಾಜಿನಗರದಾಚೆ ಕಾರ್ಖಾನೆಗಳು ಎದ್ದವು. ಮಂಡ್ಯ, ಹಾಸನ, ತುಮಕೂರು ಕಡೆಯ ಹಳ್ಳಿಗಳಿಂದ ಕೆಲಸಕ್ಕೆ ಬಂದವರು ಆ ಸುತ್ತ ನೆಲೆಸಿದರು. ಊರಿನ ಜೊತೆ ನಂಟು ಬಿಡದವರು. ಹಬ್ಬಕ್ಕೆ ಊರು, ರಾಗಿ ಊರಿನದು, ಹೆಣ್ಣು ಗಂಡು ನೋಡುವುದೂ ಊರ ಕಡೆಯೇ. ರಾಜ್‌ಕುಮಾರ್ ಪ್ರತಿಮೆ, ನವೆಂಬರ್ ಪೂರ್ತಿ ರಾಜ್ಯೋತ್ಸವದ ಆರ್ಕೆಸ್ಟ್ರಾ ಈ ಭಾಗದಲ್ಲಿ ಹೆಚ್ಚು ಕಾಣುವುದು ಯಾಕೆಂದು ಕೇಳಬೇಕಿಲ್ಲ. ಗೆಳೆಯನನ್ನು ಇಲ್ಲಿ ‘ಮಗಾ’ ಎಂದು ಕರೆದರೆ ದಂಡಿನ ಕಡೆ ‘ಮಚ್ಚಾ’ ಅನ್ನುತ್ತಾರೆ. ಮಚ್ಚಾ ತಮಿಳಿನಿಂದ ಬಂದದ್ದು, ಈಗ ಕಾಲೇಜುಗಳಲ್ಲಿ ಎರಡೂ ಕಲೆತಿವೆ.

ಉತ್ತರ, ಪೂರ್ವದಲ್ಲಿ ಕೇಂದ್ರ ಸರ್ಕಾರದ ಕಾರ್ಖಾನೆಗಳು. 1940ರ ಎಚ್‌ಎಎಲ್, 1948ರ ಐಟಿಐ, 1953ರ ಎಚ್‌ಎಂಟಿ, 1954ರ ಬಿಇಎಲ್. ಕ್ವಾರ್ಟರ್ಸ್ ಸಿಗುತ್ತಿದ್ದುದು ಹುದ್ದೆಯ ದರ್ಜೆ ನೋಡಿ. ಹಾಗಾಗಿ ಮಲಯಾಳಿ, ಬಂಗಾಳಿ, ಧಾರವಾಡದವರು ಒಂದೇ ಮೆಟ್ಟಿಲು ಹತ್ತುತ್ತಿದ್ದರು, ಆದರೆ ಜನರಲ್ ಮ್ಯಾನೇಜರ್ ಮತ್ತು ಫಿಟ್ಟರ್ ಬೇರೆ ಬೇರೆ ರಸ್ತೆಯಲ್ಲಿ. ದಿನದ ಗಡಿಯಾರ ಕಾರ್ಖಾನೆಯ ಸೈರನ್. ಜಾಲಹಳ್ಳಿಯಲ್ಲಿ ಅಯ್ಯಪ್ಪನ ಗುಡಿ ಎದ್ದದ್ದು ಹೀಗೆ ಬಂದ ಮಲಯಾಳಿಗಳಿಂದ. ಟೆಲಿಫೋನು ಮಾಡುತ್ತಿದ್ದ ಐಟಿಐ ಬಳಿಯ ಊರಿಗೆ ಅಪ್ಪಟ ಕನ್ನಡದಲ್ಲಿ ದೂರವಾಣಿನಗರ ಎಂದು ಹೆಸರು. ಅಂಚೆ ವಿಳಾಸದಲ್ಲಿ ಅದನ್ನು ಬರೆಯುವ ಹುಡುಗರಿಗೆ ಲ್ಯಾಂಡ್‌ಲೈನ್ ಅಂದರೇನೆಂದೇ ಗೊತ್ತಿಲ್ಲ.

ಸಾಫ್ಟ್‌ವೇರ್ ಏರಿಯಾಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಉದ್ದ ಮಾಡುವುದಿಲ್ಲ. ಒಂದು ವಿಷಯ ಮಾತ್ರ. ವೈಟ್‌ಫೀಲ್ಡ್, ಬೇಗೂರು, ಬೆಳ್ಳಂದೂರುಗಳನ್ನು ‘ಹೊಸ ಬೆಂಗಳೂರು’ ಎನ್ನುತ್ತೇವಲ್ಲ, ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ ಇಂಡಿಯನ್ನರು ಬೇಸಾಯಕ್ಕೆಂದು ಕಟ್ಟಿಕೊಂಡ ಊರು. ಬೇಗೂರಿನ ವೀರಗಲ್ಲಿನಲ್ಲಿ ಕ್ರಿ.ಶ. 890ರ ಸುಮಾರಿಗೇ ‘ಬೆಂಗಳೂರ ಕಾಳಗ’ದ ಮಾತಿದೆ, ಅಂದರೆ ಪೇಟೆಗಿಂತ ಆರು ನೂರು ವರ್ಷ ಮೊದಲು. ಹೊಸತಾಗಿರುವುದು ಅಲ್ಲಿಯ ಗೋಡೆಗಳು. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದು ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಅಷ್ಟು ವರ್ಷ ಟ್ಯಾಂಕರು, ಬೋರ್‌ವೆಲ್, ಸ್ವಂತ ಜನರೇಟರು, ಸ್ವಂತ ಸೆಕ್ಯುರಿಟಿ. ನೀರು, ಕರೆಂಟು, ಕಾವಲು ಎಲ್ಲ ಗೇಟಿನೊಳಗೇ ಹೊಂದಿಸಿಕೊಂಡವರಿಗೆ ಗೇಟಿನಾಚೆಯ ಊರಿನ ಹಂಗು ಕಡಿಮೆ. ‘ಯಾವ ಏರಿಯಾ?’ ಎಂದರೆ ಅವರು ಅಪಾರ್ಟ್‌ಮೆಂಟಿನ ಹೆಸರು ಹೇಳುತ್ತಾರೆ.

ಗೋಡೆಯ ಹಿಂದೆ ಹಳೆಯ ಹಳ್ಳಿ ಇದ್ದೇ ಇದೆ. ಜಮೀನು ಮಾರಿದ ಮನೆಗಳು, ರೆವಿನ್ಯೂ ಸೈಟುಗಳಲ್ಲಿ (ಬಡಾವಣೆಯ ಮಂಜೂರಾತಿಯಿಲ್ಲದೆ ಹೊಲ ಒಡೆದು ಮಾಡಿದವು) ಎದ್ದ ಪಿ.ಜಿ. ಕಟ್ಟಡಗಳು, ಪಾಲಿಕೆ ಪೂರ್ತಿ ಒಪ್ಪದ ಆಸ್ತಿಗೆ ಸಿಗುವ ಬಿ ಖಾತಾದ ಚಿಂತೆ, ವರ್ಷಕ್ಕೊಮ್ಮೆ ಶಾಮಿಯಾನ ಹಾಕಿ ಅಣ್ಣಮ್ಮ ದೇವಿಯನ್ನು ಕೂರಿಸುವ ಹುಡುಗರ ಸಂಘ. ಗೋಡೆಯ ಈಚೆ ಓಣಂಗೆ ಒಂದು ಗುಂಪು, ದುರ್ಗಾಪೂಜೆಗೆ ಒಂದು, ಛಠ್‌ಗೆ ಒಂದು. ಇತ್ತೀಚೆಗೆ ಕನ್ನಡಿಗರೂ ತಮ್ಮದೊಂದು ಬಳಗ ಮಾಡಿಕೊಂಡಿದ್ದಾರೆ, ಥೇಟ್ ಅಮೆರಿಕದ ಕನ್ನಡ ಕೂಟದ ಹಾಗೆ. ಕಳೆದ ನವೆಂಬರಿನಲ್ಲಿ ಸರ್ಜಾಪುರ ರಸ್ತೆಯ ಗೆಳೆಯನ ಅಪಾರ್ಟ್‌ಮೆಂಟಿನ ರಾಜ್ಯೋತ್ಸವಕ್ಕೆ ಹೋಗಿದ್ದೆ. ನಿರೂಪಣೆ ಮಾಡುವ ಹುಡುಗಿ ಪ್ರತಿ ವಾಕ್ಯವನ್ನೂ ಕನ್ನಡದಲ್ಲಿ ಹೇಳಿ, ಮತ್ತೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಕ್ಲಬ್‌ಹೌಸಿನ ಎಸಿ ಕೆಟ್ಟಿತ್ತೆಂದು ಕಿಟಕಿ ತೆಗೆದರು. ಹಿಂದಿನ ಹಳ್ಳಿಯಲ್ಲೂ ಅದೇ ಸಂಜೆ ರಾಜ್ಯೋತ್ಸವದ ಆರ್ಕೆಸ್ಟ್ರಾ. ಎರಡೂ ಕಡೆ ಅದೇ ರಾಜ್‌ಕುಮಾರ್ ಹಾಡು, ಅವರದು ಅರ್ಧ ಸಾಲು ಮುಂದೆ. ನಮ್ಮ ಹುಡುಗಿ ಒಂದು ಗಳಿಗೆ ಮೈಕು ಕೆಳಗಿಳಿಸಿ ಕೇಳಿಸಿಕೊಂಡಳು. ಆಮೇಲೆ ಯಾರೋ ಎದ್ದು ಕಿಟಕಿ ಹಾಕಿದರು.